ಹೆಡ್ ಹೋದ ಹಳೆ ಲಾರಿ: ಫೇಸಿಂಗ್, ವೆಲ್ಡಿಂಗ್, ಗುಜರಿ ಹೆಡ್, ಹೊಸ ಹೆಡ್ – ಯಾವುದು ಯಾರಿಗೆ?

ಕಾಫಿ ಕೊಯ್ಲು ಹತ್ತಿರ ಬಂತೆಂದರೆ ಹಳೆ ಲಾರಿ ಇಟ್ಟುಕೊಂಡವರ ಫೋನ್ ಶುರುವಾಗುತ್ತದೆ. ಗಾಡಿ ಹೆಡ್, ಅಂದರೆ ಎಂಜಿನ್ ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ, ಹೋಗಿದೆ. ಮೇಸ್ತ್ರಿ ಫೇಸಿಂಗ್ (ಹೆಡ್ಡಿನ ತಳ ಹೆರೆದು ಸಮ ಮಾಡುವುದು) ಮಾಡಿಸಿದರೆ ಸಾಕು ಅಂತಾರೆ. ಲೇತ್‌ನವರು ಹೆಡ್ಡೇ ಬದಲಿಸಿ ಅಂತಾರೆ. ಇನ್ಯಾರೋ ಇಡೀ ಎಂಜಿನ್ ಸಿಗುತ್ತೆ, ಅದನ್ನೇ ಕೂರಿಸಿಬಿಡಿ ಅಂತಾರೆ. ಯಾರ ಮಾತು ಕೇಳೋದು?

ಮೂವರೂ ಹೇಳುವುದು ಸರಿಯೇ, ಆದರೆ ಬೇರೆ ಬೇರೆ ಗಾಡಿಗೆ. ನಿಮ್ಮ ಗಾಡಿಗೆ ಯಾವುದು ಹೊಂದುತ್ತದೆ ಎಂದು ನೀವೇ ತೀರ್ಮಾನಿಸಲು ಏನೇನು ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಹಳೆ ಗಾಡಿ ಅಂದಾಗ ನನ್ನ ಕಣ್ಣ ಮುಂದೆ ಇರುವುದು ನಮ್ಮ ಕೊಡಗು ಜಿಲ್ಲೆಯಲ್ಲಿ ಇನ್ನೂ ದುಡಿಯುತ್ತಿರುವ ಟಾಟಾ 697 ಎಂಜಿನ್ ಲಾರಿಗಳು, ಕಮಿನ್ಸ್ 6ಬಿಟಿ ಇರುವ ಟಾಟಾ ಗಾಡಿಗಳು, ಮತ್ತೆ ತೋಟದ ಕೆಲಸಕ್ಕೆ ಇರುವ ಸಣ್ಣ ಲಾರಿ ಟಾಟಾ 407ಗಳು.

ಯಾವುದನ್ನು ನೋಡಿ ತೀರ್ಮಾನ ಮಾಡಬೇಕು

ಎಲ್ಲರೂ ಮೊದಲು ಕೇಳುವುದು "ಎಷ್ಟಾಗುತ್ತೆ?" ಅಂತ. ಆ ಪ್ರಶ್ನೆಯನ್ನು ಸ್ವಲ್ಪ ತಡೆದು ಇಟ್ಟುಕೊಳ್ಳಿ. ಅದಕ್ಕೂ ಮೊದಲು ನೋಡಬೇಕಾದ್ದು ಈ ಗಾಡಿಯನ್ನು ಇನ್ನೆಷ್ಟು ವರ್ಷ ಓಡಿಸುತ್ತೀರಿ ಅನ್ನುವುದು. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪ್ರಮಾಣಪತ್ರ) ಆಗಬೇಕು. 15 ವರ್ಷ ದಾಟಿದರೆ ಶುಲ್ಕವೂ ಜಾಸ್ತಿ. ಮುಂದಿನ ಎಫ್‌ಸಿ ಹೊತ್ತಿಗೆ ಗಾಡಿ ಮಾರುವ ಯೋಚನೆ ಇದ್ದರೆ ಲೆಕ್ಕವೇ ಬೇರೆ, ಇನ್ನೂ ನಾಲ್ಕೈದು ಕೊಯ್ಲು ಇದರಲ್ಲೇ ಸಾಗಿಸಬೇಕು ಅಂದರೆ ಲೆಕ್ಕವೇ ಬೇರೆ.

ಎರಡನೆಯದು ರಸ್ತೆ. ಸುಂಟಿಕೊಪ್ಪದ ತೋಟದಿಂದ ಕುಶಾಲನಗರದ ಕ್ಯೂರಿಂಗ್‌ಗೆ (ಕಾಫಿ ಬೀಜ ಹದ ಮಾಡುವ ಕಾರ್ಖಾನೆಗೆ) ಮೂಟೆ ಇಳಿಸಿ ಖಾಲಿ ಹತ್ತಿ ಬರುವ ಗಾಡಿಗೆ ಅಷ್ಟು ಕಷ್ಟ ಇಲ್ಲ. ಮಂಗಳೂರು ಕಡೆಯಿಂದ ಲೋಡ್ ತುಂಬಿಕೊಂಡು ಸಂಪಾಜೆ ಘಾಟಿ ಹತ್ತುವ ಗಾಡಿ, ಇರಿಟ್ಟಿ ಕಡೆಯಿಂದ ಮಾಕುಟ್ಟ ಹತ್ತಿ ವಿರಾಜಪೇಟೆಗೆ ಬರುವ ಗಾಡಿ, ಇವುಗಳ ಹೆಡ್ ಮೇಲೆ ಬೀಳುವ ಬಿಸಿಯೇ ಬೇರೆ. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿ ಮಾತ್ರ ನಿಧಾನ. ಎದುರು ಗಾಳಿ ಸಿಗುವುದಿಲ್ಲ, ಫ್ಯಾನ್ ಒಂದೇ ಗತಿ. ಅಂಥ ಗಾಡಿಗೆ ಅರೆಬರೆ ರಿಪೇರಿ ನಿಲ್ಲುವುದಿಲ್ಲ.

ಮೂರನೆಯದು ಗಾಡಿಯನ್ನು ಎಷ್ಟು ದಿನ ನಿಲ್ಲಿಸಬಹುದು ಅನ್ನುವುದು. ರೊಬಸ್ಟಾ ಕೊಯ್ಲಿನ ನಡುವೆ, ಫೆಬ್ರವರಿಯಲ್ಲಿ ಹೆಡ್ ಬಿಚ್ಚಿದರೆ ಒಂದೊಂದು ದಿನಕ್ಕೂ ಬಾಡಿಗೆ ಹೋಗುತ್ತದೆ. ಜುಲೈನಲ್ಲಿ ಆದರೆ ಅವಸರ ಇಲ್ಲ. ನಾಲ್ಕನೆಯದು ಕೆಳಗಿನ ಎಂಜಿನ್ನಿನ ಸ್ಥಿತಿ. ಇದನ್ನು ಜನ ಮರೆತೇಬಿಡುತ್ತಾರೆ. ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಉಗಿಯುವ, ಆಯಿಲ್ ಕುಡಿಯುವ, ಬೆಳಗ್ಗೆ ಸ್ಟಾರ್ಟ್ ಆಗಲು ಒದ್ದಾಡುವ ಎಂಜಿನ್ ಮೇಲೆ ಹೊಸ ಹೆಡ್ ಕೂರಿಸಿದರೆ ದುಡ್ಡು ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ನಿಜವಾಗಿ ಹೋಗಿರುವುದು ಹೆಡ್ಡೇನಾ?

ಇಲ್ಲಿ ಸ್ವಲ್ಪ ನಿಧಾನಿಸಿ. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದ ತಕ್ಷಣ ಹೆಡ್ ಬಿಚ್ಚುವವರು ತುಂಬ ಜನ. ಗುಳ್ಳೆಗೆ ಬೇರೆ ಕಾರಣವೂ ಇರುತ್ತದೆ.

ಏರ್ ಬ್ರೇಕ್ ಇರುವ ಲಾರಿಯಲ್ಲಿ ಏರ್ ಕಂಪ್ರೆಸರ್ ಇರುತ್ತದಲ್ಲ, ಕೆಲವು ಗಾಡಿಗಳಲ್ಲಿ ಅದರ ಹೆಡ್ಡನ್ನು ತಣಿಸಲು ಎಂಜಿನ್ ನೀರಿನದೇ ಪೈಪ್ ಕೊಟ್ಟಿರುತ್ತಾರೆ. ಆ ಪುಟ್ಟ ಹೆಡ್ಡಿನ ಗ್ಯಾಸ್ಕೆಟ್ (ಸಂದಿಯಲ್ಲಿ ಸೋರದಂತೆ ಇಡುವ ಹಾಳೆ) ಹೋದರೆ ಗಾಳಿ ನೇರ ನೀರಿಗೆ ನುಗ್ಗುತ್ತದೆ. ರೇಡಿಯೇಟರ್‌ನಲ್ಲಿ ಗುಳ್ಳೆ, ನೀರು ಹೊರಗೆ ಚೆಲ್ಲುವುದು, ಎಲ್ಲಾ ಥೇಟ್ ಹೆಡ್ ಗ್ಯಾಸ್ಕೆಟ್ ಹೋದ ಲಕ್ಷಣವೇ. ಕಂಪ್ರೆಸರ್‌ಗೆ ಹೋಗುವ ನೀರಿನ ಪೈಪ್ ಎರಡನ್ನೂ ತೆಗೆದು, ಎಂಜಿನ್ ಕಡೆಯ ತೂತು ಮುಚ್ಚಿ, ಗಾಡಿಯನ್ನು ನಿಂತಲ್ಲೇ ಒಂದೆರಡು ನಿಮಿಷ ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆ ನಿಂತರೆ ನಿಮ್ಮ ಖರ್ಚು ಕಂಪ್ರೆಸರ್ ಗ್ಯಾಸ್ಕೆಟ್‌ನಲ್ಲೇ ಮುಗಿಯಿತು.

ಆಯಿಲ್ ಮತ್ತು ನೀರು ಸೇರಿದಾಗಲೂ ಹಾಗೆಯೇ. ಡಿಪ್ ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಕಾಣುತ್ತದೆ, ಎಲ್ಲರೂ ಹೆಡ್ ಅಂತಾರೆ. ಆದರೆ 6ಬಿಟಿಯಲ್ಲಿ ಆಯಿಲ್ ಕೂಲರ್ ನೀರಿನ ಹಾದಿಯ ಒಳಗೇ ಕೂತಿರುತ್ತದೆ. ಅದು ತೂತಾದರೂ ಆಯಿಲ್ಲೂ ನೀರೂ ಸೇರುತ್ತವೆ. ಎಂಜಿನ್ ಓಡುವಾಗ ಆಯಿಲ್ ಒತ್ತಡ ನೀರಿನದಕ್ಕಿಂತ ಜಾಸ್ತಿ. ಅದಕ್ಕೇ ಕೂಲರ್ ಹೋದರೆ ಸಾಮಾನ್ಯವಾಗಿ ಮೊದಲು ರೇಡಿಯೇಟರ್ ಬಾಯಲ್ಲಿ ಆಯಿಲ್ ಕಾಣುತ್ತದೆ. ವೆಟ್ ಲೈನರ್ (ಹೊರಮೈಗೆ ನೇರ ನೀರು ತಾಗುವ ಸಿಲಿಂಡರ್ ಕೊಳವೆ) ಇರುವ ಎಂಜಿನ್‌ಗಳಲ್ಲಿ ಲೈನರ್ ಬುಡದ ರಬ್ಬರ್ ರಿಂಗ್ ಹೋದರೂ ಕೆಳಗಿನ ಆಯಿಲ್ ಸಂಪ್‌ಗೆ ನೀರು ಇಳಿಯುತ್ತದೆ. ಹೆಡ್ ಬಿಚ್ಚುವ ಮೊದಲು ಇವನ್ನು ನೋಡಿ ಅಂತ ಮೇಸ್ತ್ರಿಗೆ ಬಾಯಿಬಿಟ್ಟು ಹೇಳಿ. ಒಳ್ಳೆ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಡ್ಡೇ ಅಂತ ಗೊತ್ತಾಗುವುದು ಹೀಗೆ: ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗುಳ್ಳೆ ಎಡೆಬಿಡದೆ ಬರುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿಯಾಗುತ್ತದೆ. ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತದೆ.

ಟೆಸ್ಟ್ ಆಗದೆ ಯಾವ ದಾರಿಯೂ ಬೇಡ

ಹೆಡ್ ಕಳಚಿದ ಮೇಲೆ ಅದನ್ನು ಪ್ರೆಶರ್ ಟೆಸ್ಟ್ ಮಾಡಿಸಲೇಬೇಕು. ಮಾಡುವಾಗ ನೀವೂ ನಿಂತು ನೋಡಿ. ಹೆಡ್ಡಿನ ನೀರಿನ ತೂತುಗಳಿಗೆಲ್ಲ ರಬ್ಬರ್ ಇಟ್ಟು, ಮೇಲೆ ಕಬ್ಬಿಣದ ಪ್ಲೇಟ್ ಬಿಗಿದು, ಒಂದೇ ತೂತಿನಿಂದ ಗಾಳಿ ತುಂಬುತ್ತಾರೆ. ಆಮೇಲೆ ಇಡೀ ಹೆಡ್ಡನ್ನು ಚೈನ್‌ನಲ್ಲಿ ನೀರಿನ ತೊಟ್ಟಿಗೆ ಇಳಿಸುತ್ತಾರೆ. ಒಂದು ಕ್ಷಣ ಮೇಲೆಲ್ಲ ಅಂಟಿಕೊಂಡಿದ್ದ ಗಾಳಿಯ ಗುಳ್ಳೆ ಏಳುತ್ತದೆ, ಅದು ಲೆಕ್ಕಕ್ಕಿಲ್ಲ. ನೀರು ಶಾಂತವಾದ ಮೇಲೆ ಎರಡು ವಾಲ್ವ್ ಸೀಟಿನ (ವಾಲ್ವ್ ಬಂದು ಕೂರುವ ಅಂಚು) ನಡುವಿನಿಂದ ಸಾಸಿವೆ ಗಾತ್ರದ ಗುಳ್ಳೆ ಒಂದರ ಹಿಂದೆ ಒಂದು ಸಾಲಾಗಿ ಎದ್ದರೆ ಅಲ್ಲೇ ಬಿರುಕಿದೆ. ಆ ಜಾಗದಲ್ಲಿ ಲೋಹ ತೆಳ್ಳಗೆ, ಬಿಸಿ ಜಾಸ್ತಿ. ಅದಕ್ಕೇ ಬಿರುಕು ಹೆಚ್ಚಾಗಿ ಅಲ್ಲಿ ಅಥವಾ ಡೀಸೆಲ್ ಸಿಂಪಡಿಸುವ ನಾಜಲ್ ತೂತಿನ ಪಕ್ಕ ಬರುತ್ತದೆ.

ತೊಟ್ಟಿಯ ನೀರು ಬಿಸಿ ಇರಬೇಕು ಅಂತ ಒತ್ತಾಯ ಮಾಡಿ. ತಣ್ಣಗಿರುವಾಗ ಮುಚ್ಚಿಕೊಂಡಿರುವ ಕೂದಲೆಳೆಯ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ. ತಣ್ಣೀರಿನಲ್ಲಿ ಪಾಸಾದ ಹೆಡ್ ಘಾಟಿಯಲ್ಲಿ ಫೇಲಾಗುವುದು ಇದೇ ಕಾರಣಕ್ಕೆ.

ಜೊತೆಗೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಹೆಡ್ ಎಷ್ಟು ಬಾಗಿದೆ ಅಂತ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಬೇಕು. 0.1 ಮಿ.ಮೀ.ಗಿಂತ ಜಾಸ್ತಿ ಬಾಗಿದ್ದರೆ ಫೇಸಿಂಗ್ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಹೆಡ್ ಕೂರುವ ಬ್ಲಾಕ್ ಮೇಲ್ಮೈಯನ್ನೂ ಹೀಗೇ ನೋಡಬೇಕು. ಬ್ಲಾಕ್ ಬಾಗಿದ್ದು ಹೆಡ್ ಮಾತ್ರ ಸರಿ ಮಾಡಿದರೆ ಹೊಸ ಗ್ಯಾಸ್ಕೆಟ್ ಮತ್ತೆ ಅಲ್ಲೇ ಸುಡುತ್ತದೆ.

ಫೇಸಿಂಗ್ ಮತ್ತು ಹೊಸ ಗ್ಯಾಸ್ಕೆಟ್

ಬಿರುಕಿಲ್ಲ, ಬಾಗಿದ್ದು ಸ್ವಲ್ಪ ಅಂತಾದರೆ ಇದೇ ಸರಿ. ಖರ್ಚು ಎಲ್ಲಕ್ಕಿಂತ ಕಡಿಮೆ, ದಿನವೂ ಕಡಿಮೆ. ನಿಮ್ಮ ಸ್ವಂತ ಹೆಡ್, ಅದರ ಇತಿಹಾಸ ನಿಮಗೇ ಗೊತ್ತು.

ಆದರೆ ಫೇಸಿಂಗ್ ಅಂದರೆ ಲೋಹ ತೆಗೆಯುವುದು. ತೆಗೆದಷ್ಟೂ ವಾಲ್ವ್‌ಗಳು ಪಿಸ್ಟನ್‌ಗೆ ಹತ್ತಿರ ಬರುತ್ತವೆ, ನಾಜಲ್ ತುದಿಯೂ ಕೆಳಗೆ ಇಳಿಯುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಈ ಜಾಗ ಮೊದಲೇ ಕಡಿಮೆ. ಅದಕ್ಕೆ ಫೇಸಿಂಗ್ ಜೊತೆ ಸೀಟ್ ಕಟಿಂಗ್ ಮಾಡಿ ವಾಲ್ವ್ ಒಳಗೆ ಕೂರಿಸಬೇಕು, ನಾಜಲ್ ಎಷ್ಟು ಹೊರಗೆ ಚಾಚಿದೆ ಅಂತ ಅಳೆದು ತಾಮ್ರದ ವಾಷರ್ ಸರಿಯಾದ ದಪ್ಪದ್ದು ಹಾಕಬೇಕು. ಹಿಂದೆ ಎಷ್ಟು ಸಲ ಫೇಸಿಂಗ್ ಆಗಿದೆಯೋ ಯಾರಿಗೆ ಗೊತ್ತು? ಹೆಡ್ಡಿನ ದಪ್ಪ ಅಳೆದು, ಕನಿಷ್ಠ ಅಳತೆಗಿಂತ ಕೆಳಗಿದ್ದರೆ ಈ ದಾರಿ ಬಿಡಿ.

697, 6ಬಿಟಿ ಎರಡರಲ್ಲೂ ಆರು ಸಿಲಿಂಡರ್‌ಗೆ ಒಂದೇ ಉದ್ದ ಹೆಡ್. ಉದ್ದ ಹೆಡ್ ಬಾಗುವುದು ಬೇಗ, ಒಂದು ಕಡೆ ಬಿರುಕು ಬಿಟ್ಟರೆ ಇಡೀ ಹೆಡ್ ಬಿಚ್ಚಬೇಕು. 407ರ 497 ಎಂಜಿನ್ನಿನದು ನಾಲ್ಕು ಸಿಲಿಂಡರ್‌ನ ಚಿಕ್ಕ ಹೆಡ್. ಎತ್ತಿ ಕೂರಿಸುವುದು, ಲೇತ್‌ಗೆ ಒಯ್ಯುವುದು ಎಲ್ಲಾ ಸುಲಭ. ತೋಟದ 407ಕ್ಕೆ ಹೆಡ್ ಪಾಸಾಗಿದ್ದರೆ ಫೇಸಿಂಗ್ ಬಿಟ್ಟು ಬೇರೆ ಯೋಚನೆ ಮಾಡುವ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಿರುಕಿಗೆ ವೆಲ್ಡಿಂಗ್, ಸ್ಟಿಚಿಂಗ್

ಎರಕದ ಕಬ್ಬಿಣವನ್ನು ಸುಮ್ನೆ ಆರ್ಕ್ ಹಿಡಿದು ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಸರಿಯಾದ ಕೆಲಸ ಅಂದರೆ ಇಡೀ ಹೆಡ್ಡನ್ನು ಒಲೆಯಲ್ಲಿ ಚೆನ್ನಾಗಿ ಕಾಯಿಸಿ, ಬಿಸಿ ಇರುವಾಗಲೇ ಬೆಸೆದು, ಆಮೇಲೆ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ನಿಧಾನವಾಗಿ ಆರಲು ಬಿಡುವುದು. ಆರಿದ ಮೇಲೆ ಫೇಸಿಂಗ್, ಸೀಟ್, ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ), ಮತ್ತೆ ಪ್ರೆಶರ್ ಟೆಸ್ಟ್. ಇಷ್ಟೆಲ್ಲ ಮಾಡುವ ವರ್ಕ್‌ಶಾಪ್ ಹುಡುಕಿ ಹೋಗಬೇಕು, ದಿನವೂ ಹಿಡಿಯುತ್ತದೆ.

ಸ್ಟಿಚಿಂಗ್‌ನಲ್ಲಿ ಕಾಯಿಸುವುದಿಲ್ಲ. ಬಿರುಕಿನ ಉದ್ದಕ್ಕೂ ತೂತು ಕೊರೆದು, ಒಂದಕ್ಕೊಂದು ತಾಗುವ ಹಾಗೆ ವಿಶೇಷ ಸ್ಕ್ರೂ ಬಿಗಿದು ಮುಚ್ಚುತ್ತಾರೆ. ಹೆಡ್ಡಿನ ಹೊರಗೋಡೆ, ನೀರಿನ ಜಾಕೆಟ್ ಇಂಥ ಕಡೆ ಚೆನ್ನಾಗಿ ನಿಲ್ಲುತ್ತದೆ. ವಾಲ್ವ್ ಸೀಟ್‌ಗಳ ನಡುವಿನ ಬಿರುಕಿಗೆ ನಾನು ಎರಡನ್ನೂ ಶಿಫಾರಸು ಮಾಡುವುದಿಲ್ಲ, ಅದರಲ್ಲೂ ಗಾಡಿ ಸಂಪಾಜೆ ಹತ್ತುವುದಾದರೆ. ಬೇರೆ ಹೆಡ್ ಎಲ್ಲೂ ಸಿಗದ ಅಪರೂಪದ ಹಳೆ ಎಂಜಿನ್ ಆದರೆ ಮಾತ್ರ ಇದು ಉಳಿದ ದಾರಿ. 697, 6ಬಿಟಿ, 407ಕ್ಕೆ ಬಿಡಿಭಾಗ ಇನ್ನೂ ಸಿಗುತ್ತದೆ, ಆ ಕಷ್ಟ ಯಾಕೆ?

ಒಂದು ವಿಷಯ ಗಮನಿಸಿ. ಕೆಲವು ಎಂಜಿನ್‌ಗಳಲ್ಲಿ ನಾಜಲ್ ಸುತ್ತ ತಾಮ್ರದ ಸ್ಲೀವ್ ಇರುತ್ತದೆ. ಅದು ಸೋರಿದರೂ ತೊಟ್ಟಿಯಲ್ಲಿ ಬಿರುಕಿನ ಹಾಗೇ ಗುಳ್ಳೆ ಬರುತ್ತದೆ. ಸ್ಲೀವ್ ಬದಲಿಸುವುದು ಸಣ್ಣ ಖರ್ಚು.

ಗುಜರಿ ಹೆಡ್

ಬೆಂಗಳೂರಿನ ಜೆ.ಸಿ. ರಸ್ತೆ ಕಡೆ, ಇಲ್ಲವೇ ಲಾರಿಗಳ ಊರು ಅನ್ನಿಸಿಕೊಂಡ ನಾಮಕ್ಕಲ್ ಕಡೆ ವಿಚಾರಿಸಿದರೆ ಈ ಎಂಜಿನ್‌ಗಳ ಹಳೆ ಹೆಡ್ ಸಿಗುತ್ತದೆ. ಹೊಸದಕ್ಕಿಂತ ತುಂಬ ಅಗ್ಗ. ಒಳ್ಳೆ ಹಳೆ ಹೆಡ್ ಕೆಟ್ಟದ್ದಲ್ಲ. ಅಪಘಾತವಾಗಿ ಗುಜರಿಗೆ ಹೋದ ಗಾಡಿಯದಾದರೆ ಹೆಡ್ ಚೆನ್ನಾಗಿಯೇ ಇರಬಹುದು. ಬಿಸಿಯಾಗಿ ನಿಂತ ಗಾಡಿಯದಾದರೆ ನಿಮ್ಮದರಷ್ಟೇ ಕೆಟ್ಟಿರುತ್ತದೆ. ನೋಡಿದರೆ ಎರಡೂ ಒಂದೇ ಥರ, ತೊಳೆದು ಬಣ್ಣ ಹೊಡೆದಿದ್ದರೆ ಕೇಳುವುದೇ ಬೇಡ.

ಆದ್ದರಿಂದ ಒಂದೇ ಷರತ್ತು: ನಮ್ಮ ಲೇತ್‌ನಲ್ಲಿ ಬಿಸಿನೀರಿನ ಪ್ರೆಶರ್ ಟೆಸ್ಟ್ ಆಗಬೇಕು, ಫೇಲಾದರೆ ವಾಪಸ್. ಇದಕ್ಕೆ ಒಪ್ಪದವರ ಹತ್ತಿರ ಕೊಳ್ಳಬೇಡಿ. ದಪ್ಪವನ್ನೂ ಅಲ್ಲೇ ಅಳೆಯಿರಿ. ಹಳೆ ಹೆಡ್ಡಿನ ಎರಕದ ನಂಬರ್ ನಿಮ್ಮದರ ಜೊತೆ ತಾಳೆ ನೋಡಿ. 697ರಲ್ಲಿ ಟರ್ಬೊ ಇರುವ ಇಲ್ಲದ ಮಾದರಿಗಳಿವೆ, ಮೇಲ್ನೋಟಕ್ಕೆ ಕೂತಿತು ಅಂತ ಬಿಗಿದುಬಿಡಬೇಡಿ. ಬೆಲೆ ಹೋಲಿಸುವಾಗ ವಾಲ್ವ್, ಗೈಡ್, ಸೀಟ್, ಫೇಸಿಂಗ್ ಖರ್ಚನ್ನು ಗುಜರಿ ಬೆಲೆಗೆ ಸೇರಿಸಿ. ಆಗ ಹೊಸದಕ್ಕೂ ಇದಕ್ಕೂ ಇರುವ ಅಂತರ ನೀವು ಅಂದುಕೊಂಡಷ್ಟು ಇರುವುದಿಲ್ಲ.

ಎರಡು ಕೊಯ್ಲು ಓಡಿಸಿ ಮಾರುವವರಿಗೆ, ಕೈಯಲ್ಲಿ ದುಡ್ಡು ಬಿಗಿ ಇರುವವರಿಗೆ, ಟೆಸ್ಟ್ ಪಾಸಾದ ಗುಜರಿ ಹೆಡ್ ಒಳ್ಳೆ ಆಯ್ಕೆ.

ಹೊಸ ಹೆಡ್

ಕೆಳಗಿನ ಎಂಜಿನ್ ಚೆನ್ನಾಗಿದೆ, ಗಾಡಿ ಘಾಟಿಯಲ್ಲೇ ದುಡಿಯುತ್ತದೆ, ಇನ್ನೂ ಮೂರ್ನಾಲ್ಕು ವರ್ಷ ಇಟ್ಟುಕೊಳ್ಳುತ್ತೀರಿ ಅಂದರೆ ಹೊಸ ಹೆಡ್ ಹಾಕಿಸಿ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಒಂದು ದಾರಿಗೆ 30,000 ಆಗಿ ಒಂದು ಕೊಯ್ಲಿಗೆ ಬಂತು, ಇನ್ನೊಂದಕ್ಕೆ 60,000 ಆಗಿ ನಾಲ್ಕು ಕೊಯ್ಲಿಗೆ ಬಂತು. ಎರಡನೆಯದು ಕೊಯ್ಲಿಗೆ 15,000 ಮಾತ್ರ. ಅದರ ಮೇಲೆ ಹೆಡ್ ಮತ್ತೆ ಬಿಚ್ಚುವ ಕೂಲಿ, ಇನ್ನೊಂದು ಗ್ಯಾಸ್ಕೆಟ್ ಸೆಟ್ಟು, ಆಯಿಲ್, ಘಾಟಿಯಿಂದ ಗಾಡಿ ಎಳೆದು ತರುವ ಖರ್ಚು ಉಳಿಯುತ್ತದೆ. ಈ ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮ ಕೊಟೇಶನ್ ಇಟ್ಟುಕೊಂಡು ಇದೇ ಭಾಗಾಕಾರ ಮಾಡಿ.

ಕಂಪನಿಯದೇ ತೆಗೆದುಕೊಳ್ಳಬೇಕಾ, ಬೇರೆ ತಯಾರಿಕೆಯದು ಸಾಕಾ? ಬೇರೆಯವರದೂ ಚೆನ್ನಾಗಿರುವುದುಂಟು. ಆದರೆ ಎರಕ ಒಂದೇ ಸಮ ಇರುತ್ತದೆ ಅಂತ ನಂಬುವ ಹಾಗಿಲ್ಲ. ಹೊಸದು ಅಂತ ಟೆಸ್ಟ್ ಬಿಡಬೇಡಿ. ನೀರಿನ ಹಾದಿಯಲ್ಲಿ ಎರಕದ ಮರಳು ಉಳಿದಿದೆಯಾ ಅಂತ ತೊಳೆದು ನೋಡಿ, ನಾಜಲ್ ಚಾಚಿರುವ ಅಳತೆ ನೋಡಿ. ಬೆಲೆ ಕೇಳುವಾಗ ವಾಲ್ವ್ ಸಮೇತವೋ ಬರೀ ಹೆಡ್ಡೋ ಅಂತ ಸ್ಪಷ್ಟ ಮಾಡಿಕೊಳ್ಳಿ.

ಇಡೀ ಎಂಜಿನ್ ಬದಲಿಸುವುದು

ಕೆಳಗೂ ಹೋಗಿದೆ ಅಂದಾಗ ಮಾತ್ರ ಈ ಯೋಚನೆ. ಹೆಡ್ ತೆಗೆದಾಗ ಬೋರಿನ (ಪಿಸ್ಟನ್ ಓಡುವ ಸಿಲಿಂಡರ್ ಒಳಗೋಡೆ) ಮೇಲ್ಗಡೆ ಉಗುರಿಗೆ ಸಿಗುವಷ್ಟು ಏಣು ಇದ್ದರೆ ಸವೆತ ಜಾಸ್ತಿ ಅಂತ ಅರ್ಥ, ಡಯಲ್ ಗೇಜ್ ಇಟ್ಟು ಅಳೆಸಿ. 697ಕ್ಕೆ ಲೈನರ್ ಬದಲಿಸಿ ಮುಂದುವರಿಯಬಹುದು. 6ಬಿಟಿ ಮೂಲದಲ್ಲಿ ಲೈನರ್ ಇಲ್ಲದ ಎಂಜಿನ್, ಬೋರ್ ನೇರ ಬ್ಲಾಕಿನಲ್ಲೇ ಇದೆ. ಸವೆದರೆ ಬೋರ್ ದೊಡ್ಡದು ಮಾಡಿಸಬೇಕು ಅಥವಾ ಸ್ಲೀವ್ ಹಾಕಿಸಬೇಕು, ಅದಕ್ಕೆ ಬ್ಲಾಕನ್ನೇ ಗಾಡಿಯಿಂದ ಇಳಿಸಬೇಕು. ಹಾಗಾಗಿ ಕೆಳಗೂ ಸವೆದ 6ಬಿಟಿಗೆ ಬೇರೆ ಎಂಜಿನ್ ಹುಡುಕುವುದರಲ್ಲಿ ಅರ್ಥ ಇದೆ, 697ಕ್ಕೆ ಅಷ್ಟು ಇಲ್ಲ.

ಕಾಗದಪತ್ರ ಮರೆಯಬೇಡಿ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ. ಬೇರೆ ಎಂಜಿನ್ ಕೂರಿಸಿದರೆ ಮಡಿಕೇರಿ ಆರ್‌ಟಿಒದಲ್ಲಿ ಅದನ್ನು ದಾಖಲು ಮಾಡಿಸಬೇಕು. ಕೊಂಡ ಬಿಲ್ಲು, ಆ ಎಂಜಿನ್ ಯಾವ ಗಾಡಿಯದು ಅನ್ನುವ ದಾಖಲೆ ಇಲ್ಲದೆ ದುಡ್ಡು ಕೊಡಬೇಡಿ. ನಂಬರ್ ತಾಳೆಯಾಗದಿದ್ದರೆ ಎಫ್‌ಸಿಯಲ್ಲೂ ಇನ್ಶೂರೆನ್ಸ್ ಕ್ಲೇಮ್‌ನಲ್ಲೂ ಸಿಕ್ಕಿಹಾಕಿಕೊಳ್ಳುತ್ತೀರಿ.

ಹೆಡ್ ಯಾಕೆ ಹೋಯಿತು ಅಂತ ಕಂಡುಹಿಡಿಯದಿದ್ದರೆ

ಮೇಲಿನ ಯಾವ ದಾರಿ ಹಿಡಿದರೂ ಮೂಲ ಕಾರಣ ಉಳಿದರೆ ಹೊಸ ಹೆಡ್ಡೂ ಹೋಗುತ್ತದೆ. ನನಗೆ ತುಂಬ ಬೇಸರ ತರುವ ವಿಷಯ ಇದು. ಹೆಡ್ಡಿಗೆ ಅಷ್ಟು ಖರ್ಚು ಮಾಡಿ, ಅದೇ ಮುಚ್ಚಿಹೋದ ರೇಡಿಯೇಟರ್ ವಾಪಸ್ ಕೂರಿಸುತ್ತಾರೆ.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಸರಿ ಇದ್ದರೆ ಒತ್ತಡ ಹಿಡಿದು ಕುದಿಯುವುದನ್ನು ಮುಂದೂಡುತ್ತದೆ, ಒಂದೊಂದು ಪೌಂಡ್ (ಪಿಎಸ್‌ಐ) ಒತ್ತಡಕ್ಕೆ ಹೆಚ್ಚುಕಡಿಮೆ ಒಂದೂವರೆ ಡಿಗ್ರಿಯಷ್ಟು. ಕ್ಯಾಪಿನ ರಬ್ಬರ್ ಹರಿದಿದ್ದರೆ ಆ ಲಾಭ ಇಲ್ಲ, ಘಾಟಿಯ ತುದಿ ಮುಟ್ಟುವ ಹೊತ್ತಿಗೆ ನೀರು ಕುದಿಯುತ್ತದೆ. ಹೆಡ್ ಕೆಲಸದ ಜೊತೆ ಹೊಸ ಕ್ಯಾಪ್ ಹಾಕಿಸಿ, ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ತೆಗೆದು ಬಿಸಾಡುವ ಅಭ್ಯಾಸ ನಮ್ಮಲ್ಲಿ ಬೇರು ಬಿಟ್ಟಿದೆ. ಬೈಪಾಸ್ ಹಾದಿ ಇರುವ ಎಂಜಿನ್‌ನಲ್ಲಿ ಅದನ್ನು ತೆಗೆದರೆ ಒಂದಿಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಹಾಗೇ ಸುತ್ತುತ್ತದೆ. ಜುಲೈ ಮಳೆಯಲ್ಲಿ ಎಂಜಿನ್ ಬಿಸಿಯೇ ಆಗದೆ ಬೋರ್ ಸವೆಯುತ್ತದೆ, ಏಪ್ರಿಲ್‌ನಲ್ಲಿ ಘಾಟಿಯಲ್ಲಿ ಬಿಸಿ ಇಳಿಯುವುದಿಲ್ಲ. ಎರಡೂ ಕಡೆ ನಷ್ಟ. ಪಂಪ್ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡಿಸಿ "ಪುಲ್ಲಿಂಗ್" ತರಿಸಿಕೊಳ್ಳುವುದೂ ಹೆಡ್ಡಿಗೆ ಬೆಂಕಿ ಹಚ್ಚಿದಂತೆಯೇ. ಹೆಡ್ ಕೆಳಗಿರುವಾಗಲೇ ಪಂಪ್ ಮತ್ತು ನಾಜಲ್ ಟೆಸ್ಟ್ ಮಾಡಿಸಿ.

ಕೊನೆಗೆ ಡ್ರೈವರ್. ಘಾಟಿಯಲ್ಲಿ ಕುದಿಯುತ್ತಿರುವ ಎಂಜಿನ್ನಿಗೆ ರಸ್ತೆ ಪಕ್ಕದ ತೊರೆಯಿಂದ ತಣ್ಣೀರು ತಂದು ಸುರಿಯುವುದನ್ನು ಎಲ್ಲರೂ ನೋಡಿದ್ದೀರಿ. ಬಿರುಕು ಹುಟ್ಟುವುದೇ ಆ ಕ್ಷಣದಲ್ಲಿ. ಎಂಜಿನ್ ತಣಿಯುವವರೆಗೆ ಕಾದು, ಆಮೇಲೆ ಸ್ವಲ್ಪ ಸ್ವಲ್ಪ ಹಾಕಲು ಹೇಳಿಕೊಡಿ. ಗಾಡಿಯಲ್ಲಿ ಕೂಲೆಂಟ್ ಬೆರೆಸಿದ ನೀರಿನ ಕ್ಯಾನ್ ಒಂದು ಸದಾ ಇರಲಿ.

ಕೆಲಸ ಕೊಡುವಾಗ

ಹೊತ್ತು ನಿಮ್ಮ ಕೈಯಲ್ಲಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಾಡಿಸಿ. ಘಾಟಿಯಲ್ಲಿ ಭಾರಿ ವಾಹನಕ್ಕೆ ಆಗಾಗ ತಡೆ ಬೀಳುವ ಕಾಲ, ಬಾಡಿಗೆಯೂ ಕಡಿಮೆ. ಕೊಯ್ಲಿನ ನಡುವೆ ಕೈಕೊಟ್ಟರೆ, ಟೆಸ್ಟ್ ಪಾಸಾದ ಗುಜರಿ ಹೆಡ್ ಹಾಕಿಸಿ ಸೀಸನ್ ಮುಗಿಸಿ. ನಿಮ್ಮ ಹಳೆ ಹೆಡ್ಡನ್ನು ಮಾರಬೇಡಿ, ಬಿರುಕು ಹೊರಗೋಡೆಯಲ್ಲಿ ಇದ್ದರೆ ಮಳೆಗಾಲದಲ್ಲಿ ಸ್ಟಿಚಿಂಗ್ ಮಾಡಿಸಿ ಇಟ್ಟುಕೊಳ್ಳಬಹುದು.

ಬಿಗಿಯುವಾಗ ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿಯಲು ಬಿಡಬೇಡಿ. ನಡುವಿನ ಬೋಲ್ಟ್‌ನಿಂದ ಶುರುಮಾಡಿ ಎರಡೂ ಕಡೆಗೆ, ಮೂರು ಹಂತದಲ್ಲಿ. ಅದಕ್ಕೂ ಮೊದಲು ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನಿಂತಿರುವ ನೀರು, ಆಯಿಲನ್ನು ಗಾಳಿ ಹೊಡೆದು ತೆಗೆಯಬೇಕು. ಅದು ಒಳಗೇ ಉಳಿದರೆ ರೆಂಚ್ ಬಿಗಿ ತೋರಿಸುತ್ತದೆ, ಹೆಡ್ ಮಾತ್ರ ಕೂತಿರುವುದಿಲ್ಲ. ಬೋಲ್ಟ್ ಉದ್ದ ಅಳೆದು ಎಳೆದುಕೊಂಡಿರುವುದನ್ನು ಬದಲಿಸಿ. ಮತ್ತೆ ಬಿಗಿಯಬೇಕು ಅಂತ ಪುಸ್ತಕದಲ್ಲಿ ಹೇಳಿರುವ ಎಂಜಿನ್ ಆದರೆ, ಒಂದಿಷ್ಟು ಓಡಿದ ಮೇಲೆ ಗಾಡಿ ವಾಪಸ್ ತಂದಾಗ ಆ ಕೆಲಸ ಮಾಡಿಕೊಡಬೇಕು ಅಂತ ಕೂಲಿ ಮಾತಾಡುವಾಗಲೇ ಸೇರಿಸಿ. ಹೆಡ್ಡಿನ ದಪ್ಪ, ಎಷ್ಟು ಫೇಸಿಂಗ್ ತೆಗೆದರು, ಪ್ರೆಶರ್ ಟೆಸ್ಟ್ ಯಾವ ತಾರೀಕು ಆಯಿತು ಅನ್ನುವುದನ್ನು ಬಿಲ್ಲಿನಲ್ಲಿ ಬರೆಸಿಕೊಂಡು ಆರ್‌ಸಿ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಬಿಚ್ಚುವ ಮೇಸ್ತ್ರಿಗೆ ಮೊದಲು ಬೇಕಾಗುವುದು ಅದೇ.